ಪ್ರಶ್ನೆ ಹನ್ನೆರಡು

ಒಂದು ಫಾರಮ್ಮಿಗೆ ಎಂಬತ್ತು ರೂಪಾಯಿ. ಬಸ್ ಚಾರ್ಜು ನಮ್ಮದೇ.
ಅಂತರಸನಹಳ್ಳಿ ಮಾರ್ಕೆಟ್ಟು ದಾಟಿ, ಹೆದ್ದಾರಿ ಬಿಟ್ಟು ಮಣ್ಣುದಾರಿ ಹಿಡಿದು
ನಾನು ಹೋದದ್ದು ನಿಸರ್ಗಸಿರಿ ಬಡಾವಣೆ, ಎರಡನೇ ಹಂತಕ್ಕೆ.
ಮೊದಲನೇ ಹಂತ ಎಲ್ಲಿದೆಯೆಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ನೂರಾ ಅರವತ್ತು ನಿವೇಶನ. ಮೂವತ್ತೊಂದು ಮನೆ.
ಉಳಿದದ್ದು ಹಳದಿ ಬಳಿದ ಗೂಟಕಲ್ಲು, ಪಾರ್ಥೇನಿಯಂ.
ಬೀದಿದೀಪದ ಕಂಬಗಳಿವೆ, ಬುರುಡೆ ಇಲ್ಲ.
ಹಸ್ತಾಂತರ ಆಗಿಲ್ಲವಂತೆ:
ಸೈಟು ಮಾರಿದವನು ಪಾಲಿಕೆಯ ಕಡೆ ಕೈ ತೋರಿಸುತ್ತಾನೆ,
ಪಾಲಿಕೆಯವರು ಪಂಚಾಯ್ತಿಯ ಕಡೆ,
ಪಂಚಾಯ್ತಿ ಬಾಗಿಲಿಗೆ ಆ ದಿನ ಬೀಗ.

"ಕಳೆದ ಹನ್ನೆರಡು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಕಳವಾಗಿದೆಯೇ?"
ಪಾಠ ಒಪ್ಪಿಸುವವಳ ಹಾಗೆ ಓದುತ್ತ ಹೋದೆ.
ಆಗಿದೆ: ನೀರೆತ್ತುವ ಮೋಟಾರು.
ಆಗಿದೆ: ಸಿಲಿಂಡರು ಎರಡು, ತುಂಬಿದ್ದೊಂದು, ಖಾಲಿಯದೊಂದು.
ಆಗಿದೆ: ಗೃಹಪ್ರವೇಶಕ್ಕೆ ಕಟ್ಟಿದ ಬಾಳೆಕಂಬ, ಗೊನೆ ಸಮೇತ.
ಇದನ್ನು ಯಾವ ಕಲಮಿನಲ್ಲಿ ಬರೆಯಲಿ?

ನಿವೃತ್ತ ನರ್ಸು ಪುಟ್ಟಗಂಗಮ್ಮನವರು
ಸಂಜೆ ಆರೂಮುಕ್ಕಾಲಿಗೆ ಮೋರಿಯ ಮೇಲೆ ನಿಂತಿದ್ದರು.
ಬೈಕು ಬಂತು, ವಿಳಾಸ ಕೇಳಿತು, ಸರ ಹೋಯಿತು.
ಮೋರಿಯ ಆಚೆ ಟೌನು, ಈಚೆ ಗ್ರಾಮಾಂತರ.
"ಎಡಗಾಲು ಯಾವ ಕಡೆ ಇತ್ತು ಅಂತ ಕೇಳಿದ್ರು ಕಣಮ್ಮ, ಠಾಣೇಲಿ.
ಕೊರಳು ಟೌನಿಗೆ ಸೇರುತ್ತೆ, ಸರ ಗ್ರಾಮಾಂತರಕ್ಕೆ, ಅಂದ್ರು."
ಹೇಳಿ ನಕ್ಕರು. ನಗುವಾಗ ಕೈ ತಾನಾಗಿ ಮೇಲೆದ್ದು
ಅರಿಸಿನದ ದಾರ ಮುಟ್ಟಿ ಬಂತು.

ಪ್ರಶ್ನೆ ಹನ್ನೆರಡು:
"ಕತ್ತಲಾದ ಮೇಲೆ ನಿಮ್ಮ ಬೀದಿಯಲ್ಲಿ ಒಬ್ಬರೇ ನಡೆಯಲು ಭಯವಾಗುತ್ತದೆಯೇ?"
ಇಲ್ಲ. ಸ್ವಲ್ಪ. ತುಂಬಾ. ಹೇಳಲಾರೆ.
ಒಂದಕ್ಕೆ ಮಾತ್ರ ಗುರುತು ಹಾಕಿ.

"ನಡೀಬೇಕು ಅಂತ ಅನ್ನಿಸಿದ್ರೆ ತಾನೆ?" ಅಂದರು ಬ್ಯಾಂಕಿನ ಮೂಡ್ಲಗಿರಿಯಪ್ಪ.
ಅವರ ಕಾಂಪೌಂಡಿನ ಮೇಲೆ ಗಾಜಿನ ಚೂರು, ಗೇಟಿಗೆ ಕ್ಯಾಮೆರಾ,
ಕ್ಯಾಮೆರಾಕ್ಕೆ ಕರೆಂಟಿಲ್ಲ.
ದನ ಹೊಡೆದುಕೊಂಡು ಬಂದ ಚಿಕ್ಕತಾಯಮ್ಮ ತಿರುಗಿ ನನ್ನನ್ನೇ ಕೇಳಿದಳು:
"ಬೀದಿ ಅಂದ್ರೆ ಯಾವ್ದವ್ವ? ಇದು ನಮ್ ಅವರೆ ಹೊಲ."
ಅವಳ ಹೆಸರು ನನ್ನ ಪಟ್ಟಿಯಲ್ಲಿರಲಿಲ್ಲ. ಮುಂದೆ ಹೋದೆ.

ಎಂಬತ್ತೇಳನೇ ಸೈಟು. ಮೋಲ್ಡ್ ಆಗಿ ನಿಂತುಹೋದ ಮನೆ,
ಬಾಗಿಲಿಗೆ ಸಿಮೆಂಟ್ ಚೀಲದ ಪರದೆ, ಒಳಗೆ ಒಲೆ.
ಕಾವಲಿನವನ ಹೆಂಡತಿ ಬಸಲಿಂಗಮ್ಮ, ದೇವದುರ್ಗದ ಕಡೆಯವಳು.
ಡೋರ್ ನಂಬರಿಲ್ಲದ ಮನೆ ಬಿಟ್ಟುಬಿಡಿ, ಅಂದಿದ್ದರು ತರಬೇತಿಯಲ್ಲಿ.
ಬಾಯಾರಿತ್ತು. ನೀರು ಕೇಳಿದೆ. ಕೂತೆ. ಕೂತ ಮೇಲೆ ಅದನ್ನೂ ಕೇಳಿದೆ.

"ಕತ್ತಲಿಗಿ ಎಂಥಾ ಅಂಜಿಕಿರಿ?" ಅಂದಳು ರೊಟ್ಟಿ ತಟ್ಟುತ್ತ,
"ನಮಗ ಬೆಳಕ ಹರಿಯೂದಂದ್ರನ ಅಂಜಿಕಿ.
ಯಾರ ಮನ್ಯಾಗ ಕಳುವಾದ್ರೂ ಮುಂಜಾನಿ ಮದಲ ಇಲ್ಲಿಗೇ ಬರ್ತಾರ.
ಮೂರು ಸಲ ಒಯ್ದಾರ ನಮ್ಮನಿಯವ್ರನ್ನ. ಹೆಬ್ಬಟ್ಟು ತಗೊಂಡು ಬಿಟ್ಟಾರ."
ರೊಟ್ಟಿ ಮಗುಚಿದಳು.

ನಾಲ್ಕು ಚೌಕಗಳ ಮೇಲೆ ಪೆನ್ನು ಸುಮ್ಮನೆ ಅಲೆಯಿತು.
ಅಂಚಿನಲ್ಲಿ ಸಣ್ಣಗೆ 'ಬೆಳಗ್ಗೆ' ಎಂದು ಬರೆದೆ.
ಆಫೀಸಿನಲ್ಲಿ ಆ ಫಾರಮ್ಮು ಪಾಸಾಗಲಿಲ್ಲ. ಎಂಬತ್ತು ರೂಪಾಯಿ ಮುರಿದರು.
ಈಗ ಗೋಡೆಯ ನಕಾಶೆಯಲ್ಲಿ ಆ ಬಡಾವಣೆಗೆ ಕೆಂಪು ಬಣ್ಣ,
ನಾನು ಹೊತ್ತು ತಂದ ಅಂಕಿಗಳದೇ ಕೆಂಪು.

ಅವತ್ತು ಹೊರಡುವಾಗ ಏಳೂವರೆ.
ದೂರದಲ್ಲಿ ಲಾರಿಗಳ ಬೆಳಕಿನ ಸಾಲು, ನಡುವೆ ಮುಕ್ಕಾಲು ಮೈಲಿ ಕಪ್ಪು.
ನನ್ನನ್ನು ಯಾರೂ ಹನ್ನೆರಡನೇ ಪ್ರಶ್ನೆ ಕೇಳಿರಲಿಲ್ಲ.
ಸರ ದುಪಟ್ಟಾದೊಳಗೆ ತೂರಿಸಿ, ಬೀಗದ ಕೈ ಬೆರಳ ಸಂದಿಗೆ ಸಿಕ್ಕಿಸಿ ನಡೆದೆ.
ಹಿಂದೆ ಚಪ್ಪಲಿ ಸದ್ದು. ನಿಂತೆ. ಅದೂ ನಿಂತಿತು.
"ನಾನರೀ ಅಕ್ಕಾರ, ಬಸಲಿಂಗಿ."

ಗಂಡನ ಟಾರ್ಚು, ಶೆಲ್ಲು ಇಳಿದದ್ದು,
ನನ್ನ ಕಾಲ ಮುಂದೆ ತಟ್ಟೆಯಷ್ಟಗಲ ದಾರಿ ಹಾಸುತ್ತ ಬಂತು
ಮೋರಿಯ ತನಕ.
"ಇಲ್ಲಿಂದ ನಿಮ್ಮ ಟೌನ್‌ರೀ" ಎಂದಳು.
ಶೆಲ್ಲು ಉಳಿಸಲು ಟಾರ್ಚು ಆರಿಸಿ
ಕತ್ತಲಲ್ಲೇ ವಾಪಸು ಹೋದಳು.