ಒಣಗುವ ತನಕ

ಬೆಳಗಾಗೆದ್ದು ಎಲೆಯುತೇರಿಯೊ
ಹೆಗಲಿಗೆ ಜೆಲ್ ಸವರುತ್ತಾನೆ:
ಡಾಕ್ಟರ ಚೀಟಿಯಲ್ಲಿ ಬರೆದಷ್ಟೇ ಹರೆಯ.

ವಾಲ್ಪರೈಸೊ ಬಂದರಲ್ಲಿ ಮೂವತ್ತು ವರ್ಷ
ಮೂಟೆ ಹೊತ್ತ ಹೆಗಲು,
ಮೊನ್ನೆಮೊನ್ನೆಯವರೆಗೂ
ಅಂಗಿ ತೊಡಲೂ ಗೊಣಗುತ್ತಿತ್ತು.

ಮೊಮ್ಮಗಳು ಓಡಿ ಬರುತ್ತಾಳೆ: ಎತ್ತಿಕೋ!
‘ತಡಿಯೇ, ಒಣಗಲಿ.
ಮುಟ್ಟಿದರೆ ನಿನಗೂ ಮೀಸೆ ಬಂದೀತು.’
ಅವಳು ಮೇಲ್ದುಟಿ ತಡವಿಕೊಂಡು
ಆಸೆಯಿಂದ ನೋಡುತ್ತಾಳೆ.

ಕಿಟಕಿಯಾಚೆ ನೂರ ಅರವತ್ತು ಮೆಟ್ಟಿಲು.
ಎಂಬತ್ತರ ಒಫೇಲಿಯಾ
ಆಲೂಗಡ್ಡೆ ಚೀಲ ಹೊತ್ತು ಏರುತ್ತಿದ್ದಾಳೆ,
ಅಲ್ಲಲ್ಲಿ ನಿಂತು ಮೆಟ್ಟಿಲನ್ನೇ ಬೈಯುತ್ತ.
ಏನು ಮದ್ದಮ್ಮಾ ನಿನ್ನದು ಎಂದರೆ,
‘ಗುಡ್ಡದ ರೈಲು ಕೆಟ್ಟು ಏಳು ವರ್ಷ,
ಅದೇ.’

ಕೈ ತೊಳೆದು, ಕೊನೆಯ ಗುಂಡಿ ಹಾಕಿ,
ಒಣಗಿತು ಬಾ ಅನ್ನುವಷ್ಟರಲ್ಲಿ
ಮಗು ಕೆಳಗಿಳಿದು
ಮುದುಕಿಯ ಚೀಲದ
ಒಂದು ಕಿವಿ ಹಿಡಿದಿದ್ದಾಳೆ.