ಬಿರಡೆ

ಕಾರು ಹತ್ತಿದ ಕೂಡಲೇ ಕುಸ್ತೋದಿಯೊ
ಎರಡೂ ಕಿವಿಯ ಮಿಷನ್ನು ತೆಗೆದು
ಅಂಗಿ ಜೇಬಿಗೆ ಹಾಕಿಕೊಳ್ಳುತ್ತಿದ್ದ,
ಇಗರ್ಜಿಯ ಬಾಗಿಲಲ್ಲಿ ಟೋಪಿ ತೆಗೆದ ಹಾಗೆ.
"ರಸ್ತೆಯೇ ಒಳಗೆ ಬಂದು ಕೂರುತ್ತದೆ, ಎರ್ಮೆಲಿಂದಾ,
ನಿನ್ನ ಮಾತಿಗೆ ಸೀಟೇ ಉಳಿಯುವುದಿಲ್ಲ."

ನಿಜವೇ. ಇಪ್ಪತ್ತಾರು ವರ್ಷದ ಕಾರು.
ಎಸ್ತ್ರೆಮೋಜ್ ಬಿಟ್ಟು ಎವೊರಾ ಕಡೆ ಹೊರಳಿದರೆ
ಟಾರು ಸವೆದು ಜಲ್ಲಿ ಹಲ್ಲು ಕಿರಿಯುತ್ತದೆ.
ತಗಡಿನ ಡಬ್ಬಿಗೆ ಕಡಲೆ ಸುರಿದು
ಯಾರದೋ ಮಗು ಕುಲುಕುತ್ತಲೇ ಇರುತ್ತದೆ
ಆಸ್ಪತ್ರೆಯವರೆಗೆ, ನಲವತ್ತೈದು ಕಿಲೋಮೀಟರು.
ಹೋಗುವುದು ಅವನ ಕಿವಿ ತೋರಿಸಲಿಕ್ಕೆ.

ಒಂದು ಕಾಲಕ್ಕೆ ಆ ಕಿವಿಗೇ ಕೂಲಿ ಹೆಚ್ಚು.
ಕಾರ್ಕ್ ಮರಕ್ಕೆ ಕೊಡಲಿ ಊರಿ, ಮೆಲ್ಲಗೆ ತಿರುವಿ,
ತೊಗಟೆಯ ದನಿಯಲ್ಲೇ ತಿಳಿಯುತ್ತಿದ್ದ:
ಟೊಳ್ಳು ಸದ್ದಾದರೆ ಬಿಟ್ಟುಕೊಡುತ್ತದೆ;
ಗಟ್ಟಿ, ಚುಟುಕು ಸದ್ದಾದರೆ,
ಈ ವರ್ಷ ಬೇಡ, ಬಿಡು.
ಸುಲಿದ ಮರದ ಕೆಂಪು ಮೈಗೆ ಇಸವಿಯ ಕೊನೆಯಂಕಿ ಬರೆದು
ಒಂಬತ್ತು ವರ್ಷ ಅತ್ತ ತಲೆ ಹಾಕುತ್ತಿರಲಿಲ್ಲ.
ಆಮೇಲೆ ಕಾರ್ಖಾನೆ ಸೇರಿದ.
ಬಿರಡೆ ಕೊರೆಯುವ ಯಂತ್ರ ಇವನನ್ನೂ ಕೊರೆಯಿತು.

ಅದೇ ಕಾರ್ಖಾನೆಯ ಹಿಂಬಾಗಿಲಲ್ಲಿ
ಅಂಚು ಮುರಿದ ಕಾರ್ಕ್ ಹಾಳೆ, ಕಿಲೋ ಲೆಕ್ಕ.
ಸೋರುವ ಮಾಡಿಗೆ ಅಂಟಿಸುವ ಡಾಂಬರು ಪಟ್ಟಿ, ಎರಡು ಸುರುಳಿ.
ನಾದಿನಿ ಪಿಯೆದಾದೆ ಎಸೆಯಲಿಟ್ಟಿದ್ದ ಕಂಬಳಿ.
ಬಾಗಿಲಂಚಿಗೆ ರಬ್ಬರು.
ಒಟ್ಟು ನಲವತ್ತಮೂರು ಯೂರೋ, ನನ್ನ ಕಾಫಿಯೂ ಸೇರಿ.

ಸೀಟು ಕಿತ್ತೆ. ಕೆಳಗೆ ಆಲಿವ್ ಬೀಜ,
ಚಲಾವಣೆ ನಿಂತ ಎಸ್ಕುದೋ ಒಂದು,
ಪಿಯೆದಾದೆಯೇ ಕದ್ದಳೆಂದು ನಾನು ಆಣೆಯಿಟ್ಟಿದ್ದ ಕತ್ತರಿ.
ತಲೆಗೂದಲು ಒಣಗಿಸುವ ಬಿಸಿಗಾಳಿಯಲ್ಲಿ ಪಟ್ಟಿ ಮೆತ್ತಗಾಗಿಸಿ
ಸೌಟಿನ ಬೆನ್ನಲ್ಲಿ ತಿಕ್ಕಿ ತಿಕ್ಕಿ ಕೂರಿಸಿದೆ.
ಗೆಣ್ಣಿನಿಂದ ಕುಟ್ಟಿದರೆ ಟಣ್ ಎನ್ನುತ್ತಿದ್ದ ತಗಡು
ಟಪ್ ಅಂದಿತು, ಉಂಡು ಮಲಗಿದವರ ಹೊಟ್ಟೆಯ ಹಾಗೆ.
ಮೈತುಂಬ ಹಚ್ಚಬೇಕಿಲ್ಲ.
ನಟ್ಟನಡುವೆ ಒಂದು ತುಂಡು ಕೂತರೂ ಸಾಕು,
ತಗಡಿಗೆ ನಡುಗುವುದು ಮರೆತುಹೋಗುತ್ತದೆ.

ಅವನು ಕುರ್ಚಿ ಹಾಕಿ ಕೂತು ನೋಡುತ್ತಿದ್ದ.
"ಪುಡಿ ಒತ್ತಿ ಅಂಟಿಸಿದ್ದು. ಇದೂ ಒಂದು ಕಾರ್ಕೇ?"
ಎಂದು ಮೂಗು ಮುರಿದವನು
ಪ್ರತಿ ತುಂಡನ್ನೂ ಅದೇ ಮೂಗಿಗೆ ಹಿಡಿದು
ಆಮೇಲೆಯೇ ನನ್ನ ಕೈಗೆ ಕೊಟ್ಟ.

ಮಂಗಳವಾರ ಹೊರಟೆವು. ಮಿಷನ್ನು ಕಿವಿಯಲ್ಲೇ ಇತ್ತು.
ಜಲ್ಲಿ ರಸ್ತೆ ಬಂತು;
ಎರಡು ಮನೆ ಆಚೆಯ ಜಗಳದಷ್ಟು ದೂರದಲ್ಲಿ ಬಂತು.
ಹತ್ತು ಕಿಲೋಮೀಟರು ಕಳೆದಿರಬೇಕು, ಅವನು ಕೇಳಿದ:
"ಯಾರು ಈ ಜಸಿಂತಾ? ಅವಳ ಹಲ್ಲೇಕೆ ಉದುರಬೇಕು?"

ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

ಹನ್ನೊಂದು ವರ್ಷ ಆ ಗದ್ದಲದ ಮರೆಯಲ್ಲಿ
ಬೇಕಾದ್ದನ್ನು ಬಾಯಿಬಿಟ್ಟು ಆಡಿದ್ದೇನೆ.
ಅವನ ತಂಗಿಯ ಜಿಪುಣತನ. ನನ್ನ ಮಂಡಿ.
ಅವನು ಹೋದ ಮೇಲೆ ಈ ಮನೆ ಮಾರಿದರೆ
ಸಮುದ್ರದ ಹತ್ತಿರ ಒಂದು ಕೋಣೆಗೆ ಬಾಡಿಗೆ ಎಷ್ಟಾದೀತು,
ಅದನ್ನೂ, ಅವನ ಪಕ್ಕದಲ್ಲೇ, ಗೇರು ಬದಲಿಸುತ್ತ,
ಅಳದೆ, ಕೂಡಿ ಕಳೆದು.

"ಆಸ್ಪತ್ರೆಯಲ್ಲಿ ಟೋಕನ್ ಕೊಡುವವಳು," ಎಂದೆ.
"ಒಳ್ಳೆಯವಳು. ನನಗೆ ಮಿಠಾಯಿ ಕೊಡುತ್ತಾಳೆ."
"ಗೊತ್ತು."
ಮುಂದೆ ಎವೊರಾದವರೆಗೆ
ಗಾಳಿಯದೊಂದೇ ಸಿಳ್ಳು.

ಮನೆಗೆ ಬಂದು ಇಳಿದವನೇ
"ನಿನ್ನ ಕಡೆ ಬಾಗಿಲು ಹಾಗೇ ಉಳಿದಿದೆಯಲ್ಲ?" ಎಂದ.
ಕಾರ್ಕ್ ಸಾಲಲಿಲ್ಲ, ಎಂದೆ.
ಅವನ ಹಿಂದೆಯೇ ಗೋಡೆಗೆ ಒರಗಿ
ಒಂದಿಡೀ ಹಾಳೆ ನಿಂತಿತ್ತು.
ಅದನ್ನು ತಿರುಗಿ ನೋಡಿದ.
ಬಾಗಿ, ಗೆಣ್ಣಿನಿಂದ ನನ್ನ ಬಾಗಿಲನ್ನು ಒಮ್ಮೆ ಕುಟ್ಟಿ
ಮರಕ್ಕೆ ಕೊಡುತ್ತಿದ್ದ ಹಾಗೆ ಕಿವಿಗೊಟ್ಟ.

"ಈ ವರ್ಷ ಬೇಡ," ಎಂದ. "ಬಿಡು."