ಹನ್ನೊಂದು ಕಂಬ

ಕಿಟಕಿಯಿಂದ ಕಾಣುವುದು ಹನ್ನೊಂದೇ ತಂತಿಕಂಬ.
ಆಮೇಲೆ ಹಳಿ ಒಂದು ದಿಬ್ಬದ ಹಿಂದಕ್ಕೆ ಜಾರುತ್ತದೆ.
ಕಜಕ್ ಬಯಲಿನ ನಡುವೆ ಒಂದು ರೈಲ್ವೆ ಗೇಟು,
ಗೇಟಿಗೆ ಒಬ್ಬಳೇ ಕುಲ್ಪಾಶ್,
ಕೈಯಲ್ಲಿ ಹಸಿರು ಬಾವುಟ, ಜೇಬಿನಲ್ಲಿ ಪೆನ್ಸಿಲ್ ತುಂಡು.

ಒಂದು ಒಂದು ಒಂದು ಒಂದು
ಎಂದು ಓದುತ್ತಾಳೆ ಕಂಬಗಳನ್ನು, ಎಡದಿಂದ ಬಲಕ್ಕೆ.
ನಮ್ಮ ಬಾಯಲ್ಲಾದರೆ
ಸಾವಿರದ ನೂರಾ ಹನ್ನೊಂದು ಕೋಟಿ
ಹನ್ನೊಂದು ಲಕ್ಷದ
ಹನ್ನೊಂದು ಸಾವಿರದ ನೂರಾ ಹನ್ನೊಂದು.
ಹೇಳಿ ಮುಗಿಸುವಷ್ಟರಲ್ಲಿ ಅವಳ ಚಹಾ ಆರಿರುತ್ತದೆ.

ಇದು ಒಡೆಯುತ್ತದೆ, ಅಂದಿದ್ದರು ರೈಮರ್ ಮೇಷ್ಟ್ರು,
ವೋಲ್ಗಾ ದಡದಿಂದ ದನದ ಡಬ್ಬಿಯಲ್ಲಿ ತುಂಬಿ ತಂದು
ಇಲ್ಲಿ ಸುರಿದ ಜನರ ಮಗ.
'ಸಿಕ್ಕಿದ್ದರಿಂದೆಲ್ಲ ಬಡಿಯಬೇಡ ಹುಡುಗಿ.
ಇಪ್ಪತ್ತೆರಡರಿಂದ ಭಾಗಿಸಿದರೆ ಒಂದು ಉಳಿಸುವವರು,
ಅವರಿಗೆ ಮಾತ್ರ ಬಗ್ಗುತ್ತದೆ ಇದು.'
ಯಾಕೆ ಅಂತ ಹೇಳುವ ಮೊದಲೇ ಗಂಟೆ ಹೊಡೆಯಿತು.
ಆಮೇಲೆ ದೇಶವೇ ಹೆಸರು ಬದಲಿಸಿತು,
ಮೇಷ್ಟ್ರು ಜರ್ಮನಿಗೆ ಹೊರಟುಹೋದರು.

ರಾತ್ರಿ ಎರಡು ಹತ್ತಕ್ಕೆ ಕಲ್ಲಿದ್ದಲ ಗಾಡಿ.
ಅದರ ಕೆಂಪು ದೀಪ ಕರಗಿದ ಮೇಲೆ
ಹಳೇ ನಮೂನೆಯ ಬೆನ್ನಿಗೆ ಒಂದು ಭಾಗಾಕಾರ, ಒಂದೇ.
ಇಪ್ಪತ್ತಮೂರು: ಹತ್ತು ಉಳಿಯಿತು.
ನಲವತ್ತೈದು: ಐದರ ಬಾಲ, ಬಿಡು.
ಅರವತ್ತೇಳು: ಹದಿನೆಂಟು ಉಳಿಯಿತು.
ಈ ಹದಿನೆಂಟನ್ನು ಎಲ್ಲಿಡುವುದು?
ಎಂಬತ್ತೊಂಬತ್ತು: ಆರು.

ಜಪ್ಪಯ್ಯ ಎಂದರೂ ಒಡೆಯಲಿಲ್ಲ.

ಒಂದು ಚಳಿಗಾಲ, ಇನ್ನೊಂದು, ಒಲೆಯ ಕೊಳವೆ ಬದಲಾಯಿತು,
ನಾಯಿ ಸತ್ತಿತು, ಬೇರೆ ನಾಯಿ ಬಂತು.
ಮೂರನೆಯ ಚಳಿಗಾಲದ ಒಂದು ರಾತ್ರಿ
ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು,
ಒಂಬೈನೂರ ಎಂಬತ್ತನಾಲ್ಕನೆಯ ಮೆಟ್ಟಿಲು.
ಕೊನೆಯ ಗೆರೆಯ ಕೆಳಗೆ ಏನೂ ಇಲ್ಲ.
ತಪ್ಪಿರಬೇಕೆಂದು ಮತ್ತೆ ಮಾಡಿದಳು.
ಏನೂ ಇಲ್ಲ.

ಮಿಕ್ಕ ಹೋಳು
ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು.
ಅದನ್ನೂ ಇಪ್ಪತ್ತೆರಡರಿಂದ ಭಾಗಿಸಿ ನೋಡಿದಳು: ಒಂದು ಉಳಿಯಿತು.
ಮೇಷ್ಟ್ರ ಮಾತು ಉಳಿಯಿತು.
ಹೇಳೋಣವೆಂದರೆ ಯಾರಿದ್ದಾರೆ,
ಬೆಳಗಿನ ಪ್ಯಾಸೆಂಜರಿಗೆ ಬಾವುಟವನ್ನು
ತುಸು ಜೋರಾಗಿಯೇ ಬೀಸಿದಳು.

ಮಾರ್ಚಿನ ಬಿರುಗಾಳಿಗೆ ಒಂದು ಕಂಬ ಮಲಗಿತು.
ಹತ್ತು ಒಂದುಗಳು! ಹನ್ನೊಂದರ ಮಗ್ಗಿ ಬಂದರೆ ಸಾಕು,
ಮಗುವಿನ ಕೈಯಲ್ಲೂ ಮುರಿಯುತ್ತದೆ.
'ತಂತಿ ಹೇಗೂ ಸತ್ತಿದೆ, ಇದ್ದರೇನು ಬಿದ್ದರೇನು'
ಎಂದ ರಿಪೇರಿಗೆ ಬಂದ ಕೈರ್ಬೆಕ್.
'ಮೊದಲು ಗಟ್ಟಿ ಇತ್ತು' ಎಂದಳು ಇವಳು.
ಅರ್ಥವಾಗದೆ ಹಳೇ ಗುಂಡಿಯಲ್ಲೇ ನೆಟ್ಟು ಹೋದ.
ಈಗ ಸ್ವಲ್ಪ ವಾಲಿದೆ, ಏಳನೆಯದು.

ಗಾಳಿ ಪೂರಾ ನಿಂತ, ಇಬ್ಬನಿ ಗಟ್ಟಿಯಾದ ಕೆಲವು ಬೆಳಗು
ದಿಬ್ಬದಾಚೆ ಮಸುಕಾಗಿ ಇನ್ನೆಂಟು ಕಾಣುತ್ತವೆ.
ಹತ್ತೊಂಬತ್ತು ಒಂದುಗಳು.
ಅದರ ಬಗ್ಗೆ ಮೇಷ್ಟ್ರು ಹೇಳಿದ್ದು ಒಂದೇ ಮಾತು:
ಅದರ ತಂಟೆಗೆ ಹೋಗಬೇಡ, ಅದು ಯಾರಿಗೂ ಒಡೆಯುವುದಿಲ್ಲ.

ಕುಲ್ಪಾಶ್ ಪೆನ್ಸಿಲ್ ಚೂಪು ಮಾಡುತ್ತಾಳೆ.